ಗುಲಾಬಿ ತೋಟದವಳ ಕೈಗವಸು

“ಗುರುಗಳೇ, ಯಾರ ಮಾತೂ ಚುಚ್ಚದಂತೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?” ಎಂದು ಸಿದ್ಧಮಲ್ಲನೆಂಬ ಶಿಷ್ಯ ಕೇಳಿದ. ಮಠದ ಔಷಧಶಾಲೆಯಲ್ಲಿ ರೋಗಿಗಳ ಸೇವೆ ಅವನ ಪಾಲಿನ ಕೆಲಸ. ನೋವು ತಡೆಯಲಾರದವರು ಅವನನ್ನೇ ಬೈಯುತ್ತಿದ್ದರು. ಕೇಳಿ ಕೇಳಿ ಅವನು ಸೋತಿದ್ದ.

ಗುರುಗಳು ಕೂತಲ್ಲೇ ತುಸು ಸರಿದು ಅವನಿಗೆ ಜಾಗ ಮಾಡಿಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ತೋಟಗಾರ್ತಿ ಇದ್ದಳು. ಗುಲಾಬಿ ಬೆಳೆಯುವುದೇ ಅವಳ ಬದುಕು. ಅವಳ ತೋಟದ ನಡುವೆ ಒಂದು ಹಳೆಯ ಗಿಡವಿತ್ತು. ಅದರ ಹೂವು ನೋಡಲು ಸಣ್ಣದು, ಬಣ್ಣವೂ ಮಾಸಲು. ಪರಿಮಳ ಮಾತ್ರ ಬೇರೆಲ್ಲೂ ಸಿಗದಂಥದ್ದು. ಅತ್ತರಿನ ವ್ಯಾಪಾರಿಯೊಬ್ಬ ಆ ಹೂವಿಗಾಗಿಯೇ ವರ್ಷವರ್ಷವೂ ಬರುತ್ತಿದ್ದ. ಆ ಗಿಡದ ಮುಳ್ಳು ಉದ್ದನೆಯದು, ಕೊಕ್ಕೆಯಂತೆ ಹಿಂದಕ್ಕೆ ಬಾಗಿದ್ದು.

ತೋಟಗಾರ್ತಿ ಮೊದಲಿನಿಂದಲೂ ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದಳು. ಒಂದು ಸಲ ಪೊದೆಯೊಳಗಿಂದ ಕೈ ಹಿಂದಕ್ಕೆ ಎಳೆಯುವಾಗ ಮುಳ್ಳೊಂದು ಹಿಂಗೈಗೆ ಇಳಿದು ಒಳಗೇ ಮುರಿಯಿತು. ಗಾಯ ಕೀವಾಯಿತು. ಕೈ ಮೊಣಕೈವರೆಗೆ ಊದಿಕೊಂಡು ಜ್ವರ ಏರಿತು. ಆ ಜ್ವರದಲ್ಲಿ ಅವಳು ಬದುಕಿದ್ದೇ ಹೆಚ್ಚು. ಇನ್ನೊಮ್ಮೆ ಹೀಗಾದರೆ ಕೈ ಉಳಿಯುವುದಿಲ್ಲ ಎಂದು ವೈದ್ಯ ಹೇಳಿಬಿಟ್ಟ.

ಅಂದಿನಿಂದ ಮುಳ್ಳು ಕಂಡರೆ ಅವಳಿಗೆ ಹೆದರಿಕೆ ಹತ್ತಿತು. ಕುದುರೆಯ ಜೀನು ಹೊಲಿಯುವವನ ಅಂಗಡಿಗೆ ಹೋಗಿ, ಇರುವುದರಲ್ಲೇ ದಪ್ಪನೆಯ ಕೈಗವಸು ಕೊಂಡಳು. ಎಮ್ಮೆಯ ತೊಗಲು, ಅದೂ ಎರಡು ಪದರ. ಯಾವ ಮುಳ್ಳೂ ಅದನ್ನು ದಾಟಲಿಲ್ಲ. ಹೆದರಿಕೆ ಹೋಯಿತು. ಎಲ್ಲೆಂದರಲ್ಲಿ ಕೈ ಹಾಕಿ ಕೆಲಸ ಮಾಡಿದಳು. ಆದರೆ ತೋಟ ಸೊರಗುತ್ತ ಬಂತು. ಕಳೆ ಕೀಳುವಾಗ ಎಳೆಯ ಚಿಗುರೂ ಕಿತ್ತು ಬರುತ್ತಿತ್ತು. ಕೊಂಬೆ ಕಟ್ಟುವಾಗ ನಾರು ಬಿಗಿಯಾಗಿ ತೊಗಟೆ ಸೀಳುತ್ತಿತ್ತು. ಗಿಡವನ್ನು ಮುರಿಯುತ್ತಿದ್ದುದು ಅವಳದೇ ಕೈ. ಮುರಿದದ್ದು ಆ ಕೈಗೆ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಿಂತಿರುಗಿ ನೋಡಿದರೆ ತಾನು ನಡೆದು ಬಂದ ಸಾಲಿನುದ್ದಕ್ಕೂ ಮೊಗ್ಗು ಉದುರಿ ಬಿದ್ದಿದ್ದವು. ಅವಳಿಗೆ ಅಳು ಬಂತು.

ಆ ಗವಸನ್ನು ಬಿಸುಟು ಬಟ್ಟೆಯ ಗವಸು ತೊಟ್ಟಳು. ಬೆರಳಿಗೆ ಹಿತವಾಗಿತ್ತು. ಮೊದಲ ಪೊದೆಯಲ್ಲೇ ಮುಳ್ಳು ಬಟ್ಟೆಗೆ ಸಿಕ್ಕಿಕೊಂಡು ಮಣಿಕಟ್ಟಿನವರೆಗೆ ಗೀರಿತು. ರಕ್ತ ಕಂಡದ್ದೇ ತಡ, ಅವಳು ಮನೆಗೆ ಓಡಿದಳು.

ಅದೇ ಹೊತ್ತಿಗೆ ಹಳೆಯ ಗಿಡಕ್ಕೆ ಗೆದ್ದಲು ಹಿಡಿಯಿತು. ಬುಡ ಟೊಳ್ಳಾಗಿ ಕೊಂಬೆಗಳು ಒಣಗಿದವು. ವ್ಯಾಪಾರಿ ಬಂದು ನೋಡಿ, ಇದು ಸತ್ತಿತು, ಇನ್ನು ಈ ಊರಿಗೆ ನಾನೇಕೆ ಬರಲಿ ಎಂದು ಗಾಡಿ ತಿರುಗಿಸಿಕೊಂಡು ಹೋದ. ಆ ಮುಳ್ಳಿನ ಗೋಜಲಿನ ಒಳಗೆ ಎಲ್ಲಾದರೂ ಜೀವವಿರುವ ಒಂದು ಕೊಂಬೆ ಉಳಿದಿದ್ದರೆ, ಅದರ ಚಿಗುರುಗಣ್ಣು ತೆಗೆದು ಕಾಡುಗುಲಾಬಿಗೆ ಕಸಿ ಕಟ್ಟಬಹುದಿತ್ತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಕತ್ತರಿಸುತ್ತ ಹೋದರೆ ಹೆಣೆದುಕೊಂಡ ಕೊಂಬೆಗಳು ಜಗ್ಗಿ ಉಳಿದದ್ದೂ ಮುರಿಯುವ ಹಾಗಿತ್ತು. ಕೈ ಹಾಕಿ ತಡವಿಯೇ ಹುಡುಕಬೇಕಿತ್ತು.

ಅವಳು ಜಗಲಿಯಲ್ಲಿ ಕೂತು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಹಿಂಗೈ, ಮಣಿಕಟ್ಟು, ಮುಂಗೈ ತುಂಬ ಗಾಯದ ಕಲೆ. ಬೆರಳ ತುದಿಯಲ್ಲಿ ದೊಡ್ಡ ಕಲೆ ಒಂದೂ ಇರಲಿಲ್ಲ. ಇಷ್ಟು ವರ್ಷ ಮುಳ್ಳಿನ ಜೊತೆ ಬಾಳಿಯೂ ಇದನ್ನು ಅವಳು ಗಮನಿಸಿಯೇ ಇರಲಿಲ್ಲ. ಎದ್ದು ನೆಟ್ಟಗೆ ಜೀನು ಹೊಲಿಯುವವನ ಬಳಿ ಹೋದಳು. ಹಿಂಗೈಯಿಂದ ಮೊಣಕೈ ದಾಟುವವರೆಗೆ ಎಮ್ಮೆಯ ತೊಗಲು ಹಾಕು, ಬೆರಳ ತುದಿಗೆ ಮೇಕೆಮರಿಯ ತೆಳು ತೊಗಲು ಹಾಕು ಎಂದಳು.

“ತುದಿ ಅಷ್ಟು ತೆಳುವಾದರೆ ಮುಳ್ಳು ಒಳಗೆ ಬರುತ್ತದಲ್ಲ, ತಾಯಿ?” ಎಂದ ಅವನು.

“ಬರಲಿ ಬಿಡಪ್ಪ. ತಾಗಿದ ಕೂಡಲೇ ಬೆರಳಿಗೆ ಗೊತ್ತಾಗುತ್ತದೆ, ಅದು ತಾನೇ ಹಿಂದೆ ಸರಿಯುತ್ತದೆ. ನನ್ನನ್ನು ಹಾಸಿಗೆ ಹಿಡಿಸಿದ್ದು ನನಗೆ ಕಾಣದ ಕಡೆ ಚುಚ್ಚಿದ ಮುಳ್ಳು. ಅಲ್ಲಿ ಗೋಡೆ ಕಟ್ಟು, ಇಲ್ಲಿ ಬಾಗಿಲು ಬಿಡು.”

ಗವಸು ತಯಾರಾಯಿತು. ಅದನ್ನು ತೊಟ್ಟು ಅವಳು ಹಳೆಯ ಗಿಡದ ಮುಂದೆ ಮೊಣಕಾಲೂರಿದಳು. ಪೊದೆಯೊಳಗೆ ಕೈ ಹಾಕಿದಳು. ಮುಳ್ಳುಗಳು ತೊಗಲನ್ನು ಕರಕರ ಕೆರೆದವು, ಒಂದೂ ಇಳಿಯಲಿಲ್ಲ. ಬೆರಳುಗಳು ಒಂದೊಂದೇ ಕೊಂಬೆಯನ್ನು ಒತ್ತಿ ನೋಡುತ್ತ ಹೋದವು. ಎಲ್ಲವೂ ಗಡುಸು, ಎಲ್ಲವೂ ಒಣಕಲು. ಬೆರಳ ತುದಿಗೆ ಮುಳ್ಳು ಚುಚ್ಚಿತು. ಅವಳು ಕೈ ಹೊರಗೆ ತೆಗೆಯಲಿಲ್ಲ. ಬೆರಳನ್ನು ತುಸು ಸರಿಸಿ ಮುಂದಕ್ಕೆ ಹೋದಳು. ಭುಜದವರೆಗೆ ಕೈ ಒಳಗೆ ಹೋದಾಗ ಒಂದು ಕೊಂಬೆ ಒತ್ತಿದ ಕಡೆ ಸಣ್ಣಗೆ ಬಾಗಿತು. ತೊಗಟೆ ತಂಪಾಗಿತ್ತು.

“ಸಿಕ್ಕಿತು!” ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಹೊಲದಲ್ಲಿ ಬಗ್ಗಿದ್ದವರೆಲ್ಲ ಎದ್ದು ನಿಂತರು.

ಅವಳು ಗವಸು ಬಿಚ್ಚದೆಯೇ ಆ ಕೊಂಬೆಯ ಚಿಗುರುಗಣ್ಣುಗಳನ್ನು ಬಿಡಿಸಿದಳು. ಉಗುರಿನಷ್ಟು ಅಗಲವೂ ಇಲ್ಲದ ಅವನ್ನು ಕಾಡುಗುಲಾಬಿಯ ತೊಗಟೆಯೊಳಗೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದಳು. ಒಂದೂ ನಲುಗಲಿಲ್ಲ. ಕೆಲವು ಕಣ್ಣು ಮುಂದೆ ಕಪ್ಪಾಗಿ ಒಣಗಿದವು. ಉಳಿದವು ಹಿಡಿದುಕೊಂಡು ಚಿಗುರಿದವು.

ಮರುವರ್ಷ ಚೈತ್ರದಲ್ಲಿ ಒಂದು ಗಿಡವಿದ್ದ ಜಾಗದಲ್ಲಿ ಒಂದು ಸಾಲೇ ಅರಳಿತು. ಬೇರೆ ಊರಿಗೆ ಹೊರಟಿದ್ದ ವ್ಯಾಪಾರಿ ಗಾಳಿಯಲ್ಲಿ ಆ ಪರಿಮಳ ಹಿಡಿದು ಗಾಡಿ ನಿಲ್ಲಿಸಿದ. ಬೇಲಿಯ ಬಳಿ ಬಂದು ಆ ಗಿಡ ಎಲ್ಲಿ ಎಂದು ಕೇಳಿದ. ತೋಟಗಾರ್ತಿ ಗವಸು ತೊಟ್ಟ ಕೈ ಎತ್ತಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ತೋರಿಸಿ ಮನಸಾರೆ ನಕ್ಕಳು. ಸತ್ತಿತೆಂದು ತಾನೇ ಹೇಳಿದ್ದ ಹೂವಿನ ಮುಂದೆ ವ್ಯಾಪಾರಿ ತಲೆಯ ರುಮಾಲು ತೆಗೆದು ನಿಂತ.

ಗುರುಗಳು ಕತೆ ನಿಲ್ಲಿಸಿದರು. ಸಿದ್ಧಮಲ್ಲನ ಮುಖ ಅರಳಿತ್ತು. ಆದರೂ ಒಂದು ಅನುಮಾನ ಉಳಿದಿತ್ತು. “ಅಷ್ಟೆಲ್ಲ ಯೋಚಿಸಿ ಹೊಲಿಸಿದ ಗವಸಿನಲ್ಲೂ ಬೆರಳಿಗೆ ಮುಳ್ಳು ಚುಚ್ಚಿತಲ್ಲ ಗುರುಗಳೇ?” ಎಂದ.

“ಚುಚ್ಚಿತು ಮಗು, ಜೀವವಿದ್ದ ಕೊಂಬೆ ಸಿಕ್ಕಿದ್ದೂ ಆ ಬೆರಳಿಗೇ.”