ಡಬ್ಬಿಯ ಮೇಲಿನ ಅಧ್ಯಕ್ಷರು

ಗುಲಾಬಿ ಮನೆಯಲ್ಲೇ ಮೇಣದ ಬತ್ತಿ ಮಾಡಿ, ಡಬ್ಬಿಗೆ ತುಂಬಿ, ಬೆಲೆಚೀಟಿ ಅಂಟಿಸಿದಳು. ಪೇಟೆಯಲ್ಲಿ ಮೇಜು ಹಾಕಲು ವರ್ತಕರ ಸಂಘದ ಅಧ್ಯಕ್ಷ ಚೆನ್ನವೀರಪ್ಪನವರು ಒಪ್ಪಬೇಕಿತ್ತು. ಇಲ್ಲದಿದ್ದರೆ ಮಾಡಿದ್ದೆಲ್ಲ ಮನೆಯಲ್ಲೇ ಕೂರುತ್ತಿತ್ತು.

"ಡಬ್ಬಿ ಮೇಲೆ ನನ್ನ ಫೋಟೊ ಹಾಕು. ಆಮೇಲೆ ಜಾಗದ ಮಾತು," ಎಂದು ಅಧ್ಯಕ್ಷರು ಮೀಸೆ ತಿರುವಿದರು.

"ಆಗಲಿ ಸಾರ್, ದೊಡ್ಡದಾಗೇ ಹಾಕ್ತೀನಿ," ಎಂದಳು ಗುಲಾಬಿ.

ಜಾಗ ಸಿಕ್ಕಿತು. ಮರುದಿನ ಪೇಟೆಯಲ್ಲಿ ಮೇಜಿನ ಮೇಲೆ ಡಬ್ಬಿಗಳು ಸಾಲಾಗಿ ನಿಂತವು. ಒಂದೊಂದರ ಮೇಲೂ ನಗುವ ಅಧ್ಯಕ್ಷರು. ಗಿರಾಕಿಗಳಿಗೆ ತೋರಿಸಬೇಕಲ್ಲ ಎಂದು ಗುಲಾಬಿ ಅವುಗಳ ಮುಂದೆ ಒಂದು ಬತ್ತಿ ಹಚ್ಚಿಟ್ಟಳು. ಅವಳು ಮಾಡಿದ್ದು ಅಷ್ಟೇ.

ಹೋಗಿಬರುವವರು ಚಪ್ಪಲಿ ಬಿಟ್ಟು ಕೈಮುಗಿಯತೊಡಗಿದರು. ಹೂ ಮಾರುವವಳು ಹಾರವನ್ನೇ ತಂದು ಹಾಕಿದಳು. "ಅಯ್ಯೋ, ನಿನ್ನೆ ಗಟ್ಟಿಮುಟ್ಟಾಗಿದ್ರಲ್ಲ! ಯಾವಾಗ ಹೋದ್ರಮ್ಮ?"

ಸುದ್ದಿ ಕೇಳಿ ಬೀಗರು ಅಳುತ್ತ ಅಧ್ಯಕ್ಷರ ಮನೆಗೆ ಬಂದರು. ಬಾಗಿಲು ತೆಗೆದವರು ಅಧ್ಯಕ್ಷರೇ.

ಅವರು ಬನಿಯನ್ನಿನಲ್ಲೇ ಪೇಟೆಗೆ ಓಡಿದರು. "ಏನೇ ಇದು? ಕಿತ್ತುಹಾಕು ಫೋಟೊನ!"

"ಕಿತ್ರೆ ಜಾಗ ಹೋಗುತ್ತಲ್ಲ ಸಾರ್?"

"ಜಾಗ ನಿಂದೇ ಕಣಮ್ಮ!" ಎನ್ನುತ್ತ ಅವರೇ ಕೂತು ಒಂದೊಂದೇ ಡಬ್ಬಿಯಿಂದ ತಮ್ಮ ಮುಖ ಕೆರೆಯತೊಡಗಿದರು.

ಅಧ್ಯಕ್ಷರು ಬದುಕಿರುವುದನ್ನು ನೋಡಲು ಊರಿಗೆ ಊರೇ ಬಂತು. ಗುಲಾಬಿ ಕೂಗಿದಳು: "ಬತ್ತಿ ಡಬ್ಬಿಗೆ ನಲವತ್ತು! ಅಧ್ಯಕ್ಷರನ್ನ ನೋಡೋದು ಪುಕ್ಕಟೆ!"