ಸ್ವಿಚ್ಚು ಹೊರಗಿದ್ದ ಬಚ್ಚಲು

"ಬುದ್ಧಿ, ಒಂದು ವಸ್ತು ಕೆಟ್ಟರೆ ಅದನ್ನು ರಿಪೇರಿ ಮಾಡಿಸಬೇಕೋ, ತೆಗೆದುಹಾಕಿ ಹೊಸದು ತರಬೇಕೋ? ಇದನ್ನು ತೀರ್ಮಾನ ಮಾಡೋದು ಹೇಗೆ?" ಎಂದು ಓಂಕಾರಯ್ಯ ಕೇಳಿದ.

ಗುರುಗಳು ಮಧ್ಯಾಹ್ನದ ಪ್ರಸಾದ ಮುಗಿಸಿ ಮಠದ ಜಗಲಿಯಲ್ಲಿ ಕೂತಿದ್ದರು. "ಕೆಟ್ಟಿರೋದು ಏನು?" ಎಂದರು.

ಕೆಟ್ಟಿದ್ದು ಮಠದ ಅತಿಥಿಗೃಹದ ಬಚ್ಚಲಲ್ಲಿದ್ದ ಶವರ್. ಕರೆಂಟಿನಿಂದ ನೀರು ಕಾಯಿಸಿ ಸುರಿಸುವಂಥದ್ದು. ಈಗ ಒಂದು ಗಳಿಗೆ ಮೈ ಸುಡುತ್ತಿತ್ತು, ಮರುಗಳಿಗೆ ತಣ್ಣೀರು ಸುರಿಯುತ್ತಿತ್ತು. ಅತಿಥಿಗೃಹವನ್ನು ನೋಡಿಕೊಳ್ಳುತ್ತಿದ್ದವರು ಇಬ್ಬರು ಶಿಷ್ಯರು, ಓಂಕಾರಯ್ಯ ಮತ್ತು ಮರುಳಪ್ಪ. ಮರುಳಪ್ಪ ರಿಪೇರಿ ಮಾಡಿಸೋಣ ಎಂದ. ಓಂಕಾರಯ್ಯ ಹೊಸದು ತರೋಣ ಎಂದ. ಹತ್ತು ದಿನ ಇದೇ ರಗಳೆಯಾಗಿ, ಕಡೆಗೆ ಇಬ್ಬರ ನಡುವೆ ಮಾತೇ ನಿಂತುಹೋಗಿತ್ತು.

"ಇನ್ನೊಂದು ಬಿನ್ನಹ ಬುದ್ಧಿ," ಎಂದ ಓಂಕಾರಯ್ಯ. "ಮರುಳಪ್ಪನ ಜೊತೆ ಏಗೋಕೆ ನನ್ನ ಕೈಲಾಗಲ್ಲ. ಅವನನ್ನ ಗೋಶಾಲೆ ಕೆಲಸಕ್ಕೆ ಹಾಕಿ, ನನಗೆ ಬೇರೆ ಯಾರನ್ನಾದ್ರೂ ಕೊಡಿ."

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೊಬ್ಬ ತಮ್ಮ. ಅಂಗಡಿಯಲ್ಲಿ ಅಣ್ಣ ಬಟ್ಟೆ ಕತ್ತರಿಸುತ್ತಿದ್ದ, ತಮ್ಮ ಹೊಲಿಯುತ್ತಿದ್ದ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಬೇಡ, ಈ ಕತೆಗೆ ಅದು ಬೇಕಿಲ್ಲ.

ತಮ್ಮ ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಿದ್ದಳು. ಅವನಿಗೆ ಎರೆದು ಬೆಳೆಸಿದವನು ಅಣ್ಣ. ಬಚ್ಚಲೊಲೆಗೆ ಸೌದೆ ತುರುಕಿ ಹಂಡೆ ನೀರು ಕಾಯಿಸುತ್ತಿದ್ದ. ತಮ್ಮನನ್ನು ಕಲ್ಲಿನ ಮೇಲೆ ಕೂರಿಸಿ ಚೊಂಬು ಚೊಂಬಾಗಿ ಸುರಿಯುತ್ತಿದ್ದ. ಆ ಮನೆಯಲ್ಲಿ ಒಬ್ಬರೇ ಮೀಯುವ ಪದ್ಧತಿ ಇರಲಿಲ್ಲ. ಒಬ್ಬ ಮಿಂದರೆ ಇನ್ನೊಬ್ಬ ಬೆನ್ನುಜ್ಜಬೇಕು. ತಮ್ಮನಿಗೆ ಮೀಸೆ ಮೂಡಿದ ಮೇಲೂ ಕೆಲವು ದಿನ ಇದು ನಡೆಯಿತು. ಆಮೇಲೆ ಅವನಿಗೆ ನಾಚಿಕೆ ಬಂತು, ಬಚ್ಚಲ ಬಾಗಿಲು ಮುಚ್ಚಿತು. ಹಂಡೆ ತೂತಾಗಿ ಗುಜರಿಗೆ ಹೋಯಿತು. ಗೋಡೆಗೆ ಶವರ್ ಬಂತು.

ಶವರ್ ನಾಲ್ಕು ವರ್ಷ ಚೆನ್ನಾಗಿತ್ತು, ಐದನೆಯ ವರ್ಷ ಕೆಟ್ಟಿತು. ನೀರು ಹದಕ್ಕೆ ಬಂದಾಗ ಅದು ತಾನಾಗಿ ಆಫ್ ಆಗಬೇಕು. ಆಗದೆ ಕಾಯುತ್ತಲೇ ಹೋಗುತ್ತಿತ್ತು. ಅದರ ಸ್ವಿಚ್ಚು ಇದ್ದದ್ದು ಹೊರಗೆ, ಬಾಗಿಲ ಪಕ್ಕದ ಗೋಡೆಯಲ್ಲಿ. ಮೈತುಂಬ ಸೋಪು ಹಚ್ಚಿಕೊಂಡವನು ಹೊರಗೆ ಬರುವುದು ಹೇಗೆ? ಹಾಗಾಗಿ ಒಬ್ಬ ಮೀಯುವಾಗ ಇನ್ನೊಬ್ಬ ಸ್ವಿಚ್ಚಿನ ಹತ್ತಿರ ನಿಲ್ಲಬೇಕಾಯಿತು. ಒಳಗಿನವನು 'ಆಫ್' ಎಂದರೆ ಆಫ್, 'ಆನ್' ಎಂದರೆ ಆನ್. ರಿಪೇರಿಯವನನ್ನು ಕರೆದಿದ್ದರೆ ಅರ್ಧ ಗಂಟೆಯ ಕೆಲಸ. ಇವತ್ತು ಕರೆಯೋಣ, ನಾಳೆ ಕರೆಯೋಣ ಎಂದು ಆರು ವರ್ಷ ತಳ್ಳಿದರು. ಈ ವಿಷಯದಲ್ಲಿ ನಮ್ಮ ಮಠದವರನ್ನೂ ಮೀರಿಸಿದವರು ಅವರು.

ಹೊರಗೆ ಸುಮ್ಮನೆ ನಿಂತವನು ಮಾತಾಡದೆ ಇನ್ನೇನು ಮಾಡುತ್ತಾನೆ? ಯಾರ ರವಿಕೆ ಇವತ್ತು ಕೊಡಬೇಕು, ಯಾರ ಕೋಟಿಗೆ ಗುಂಡಿ ಸಿಕ್ಕಿಲ್ಲ, ಹೀಗೆ ಶುರುವಾಗುತ್ತಿತ್ತು. ಆಮೇಲೆ ಹಳೆಯದಕ್ಕೆ ಹೋಗುತ್ತಿತ್ತು. ತಮ್ಮನಿಗೆ ತಾಯಿಯ ಮುಖ ನೆನಪಿರಲಿಲ್ಲ. ಅವಳು ಹುರುಳಿ ಸಾರಿಗೆ ಏನು ಹಾಕುತ್ತಿದ್ದಳು, ಯಾರ ಮೇಲೆ ರೇಗುತ್ತಿದ್ದಳು, ನಗು ಬಂದರೆ ಹೇಗೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಎಲ್ಲವನ್ನೂ ಅವನು ಕೇಳಿ ತಿಳಿದದ್ದು ಆ ಮುಚ್ಚಿದ ಬಾಗಿಲ ಮೂಲಕ. ಎದುರೆದುರು ಕೂತು ಅಂಥ ಮಾತಾಡುವ ಅಭ್ಯಾಸ ಆ ಗಂಡಸರಿಗೆ ಇರಲಿಲ್ಲ.

ಅವರು ಜಗಳವಾಡುತ್ತಿರಲಿಲ್ಲ ಎಂದುಕೊಳ್ಳಬೇಡ. ಚೆನ್ನಾಗಿಯೇ ಆಡುತ್ತಿದ್ದರು. ಆದರೆ ಮುಖ ಊದಿಸಿಕೊಂಡು ಮಲಗಿದವನೂ ಬೆಳಿಗ್ಗೆ 'ಆಫ್ ಮಾಡಣ್ಣ' ಎನ್ನಲೇಬೇಕಿತ್ತು, ಇಲ್ಲದಿದ್ದರೆ ಬೆನ್ನು ಬೇಯುತ್ತಿತ್ತು. ಹೊರಗಿನವನು ಬೇಕೆಂದೇ ಒಂದು ಕ್ಷಣ ತಡಮಾಡುತ್ತಿದ್ದ. ಒಳಗಿನವನು ಕಿರುಚುತ್ತಿದ್ದ. ಅಲ್ಲಿಗೆ ಇಬ್ಬರಿಗೂ ನಗು ಬಂದು ಜಗಳ ಮುಗಿಯುತ್ತಿತ್ತು.

ಒಂದು ದಿನ ನಲ್ಲಿ ಮುಟ್ಟಿದ ತಮ್ಮನ ಕೈ ಜುಮ್ಮೆಂದಿತು. ಅಣ್ಣ ಅಂದೇ ರಿಪೇರಿಯವನನ್ನು ಕರೆಸಿದ. ರಿಪೇರಿಯವನು ಬಂದು ಬಿಚ್ಚಿ ನೋಡಿ, ಇದನ್ನೇ ಸರಿಮಾಡಲೂಬಹುದು, ಹೊಸದು ಹಾಕಿಸಿದರೆ ಇನ್ನೂ ಒಳ್ಳೆಯದು ಎಂದ. ಅಣ್ಣ ಎರಡು ಸಲ ಯೋಚಿಸಲಿಲ್ಲ, ಹೊಸದನ್ನೇ ಹಾಕಿಸಿದ. ಹಳೆಯದನ್ನು ಅಟ್ಟದ ಮೇಲಿಟ್ಟ. ತುಂಡು ಬಟ್ಟೆಯನ್ನೂ ಎಸೆಯದ ಮನುಷ್ಯ ಅವನು.

ಹೊಸ ಶವರ್ ಹೇಳಿದಂತೆ ಕೇಳಿತು. ಹದವಾಗಿ ಕಾಯುತ್ತಿತ್ತು, ತಾನೇ ಆಫ್ ಆಗುತ್ತಿತ್ತು. ಹೊರಗೆ ಯಾರೂ ನಿಲ್ಲಬೇಕಾಗಿರಲಿಲ್ಲ. ಮೊದಮೊದಲು ಅಣ್ಣನಿಗೂ ಖುಷಿಯೇ ಆಯಿತು. ಅಂಗಡಿ ಅರ್ಧ ಗಂಟೆ ಮೊದಲೇ ತೆರೆಯುತ್ತಿತ್ತು.

ಆಮೇಲೆ ಮದುವೆಯ ತಿಂಗಳು ಬಂತು. ಅಣ್ಣ ಅಳತೆಯ ಪುಸ್ತಕ ನೋಡದೆ, ನೆನಪಿನಿಂದಲೇ ಒಂದು ಕೋಟು ಕತ್ತರಿಸಿದ. ತೋಳು ಎರಡು ಬೆರಳು ಗಿಡ್ಡವಾಯಿತು. ಗಿರಾಕಿಗಳ ಎದುರೇ ತಮ್ಮ, 'ಅಣ್ಣಂಗೆ ವಯಸ್ಸಾಯ್ತು, ಇನ್ನು ಕತ್ತರಿ ನನಗೆ ಕೊಡಲಿ' ಎಂದುಬಿಟ್ಟ. ಅಣ್ಣ ಕತ್ತರಿಯನ್ನು ಅವನ ಮುಂದಿಟ್ಟು ಮನೆಗೆ ಹೋದ. ಮರುದಿನ ಬೆಳಿಗ್ಗೆ ತಮ್ಮ ಮಿಂದು ಹೊರಟ. ಅಣ್ಣ ಮಿಂದು ಹೊರಟ. ಮೂರನೆಯ ದಿನವೂ ಹಾಗೆಯೇ ಆಯಿತು. ತಿಂಗಳು ತುಂಬುವ ಹೊತ್ತಿಗೆ ಅಂಗಡಿಯ ನಡುವೆ ಒಂದು ಪರದೆ ಬಿದ್ದಿತ್ತು. ಇತ್ತ ಒಂದು ಮಿಷನ್ನು, ಅತ್ತ ಒಂದು ಮಿಷನ್ನು. ತಮ್ಮ ಬೇರೆ ಮನೆ ಹುಡುಕುತ್ತಿದ್ದಾನೆಂದು ಅಣ್ಣನಿಗೆ ಗಿರಾಕಿಯ ಬಾಯಿಂದ ಗೊತ್ತಾಯಿತು.

ಅಂದು ಅಣ್ಣನಿಗೆ ಅನ್ನ ಸೇರಲಿಲ್ಲ. ಹಳೆಯದೆಲ್ಲ ನೆನಪಾಯಿತು. ಹಂಡೆ, ಹೊಗೆ, ಕಲ್ಲಿನ ಮೇಲೆ ನಡುಗುತ್ತಾ ಕೂತ ಮಗು. ಬಾಗಿಲಾಚೆಯ ಆ ಕಿರುಚಾಟ, ಆ ನಗು. ಎಲ್ಲ ಕೆಟ್ಟಿದ್ದು ಹೊಸ ಶವರ್ ಬಂದ ಮೇಲೆಯೇ ಎಂದು ಅವನಿಗೆ ಖಾತ್ರಿಯಾಯಿತು. ಅಟ್ಟ ಹತ್ತಿ ಹಳೆಯದನ್ನು ಇಳಿಸಿ, ಧೂಳು ಒರೆಸಿ, ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದ.

'ಇದನ್ನೇ ಮತ್ತೆ ಹಾಕಿಕೊಡಪ್ಪ,' ಎಂದ.

'ಒಳಗೆಲ್ಲ ತುಕ್ಕು ಹಿಡಿದಿದೆ ಯಜಮಾನ್ರೇ. ರಿಪೇರಿ ಮಾಡ್ದೆ ಹಾಕೋಕಾಗಲ್ಲ.'

'ರಿಪೇರಿ ಬೇಡ. ಮೊದಲು ಹೆಂಗೆ ಕೆಟ್ಟಿತ್ತೋ ಹಂಗೇ ಇರಲಿ.'

ರಿಪೇರಿಯವನು ಅವನ ಮುಖ ನೋಡಿದ. ಕೆಟ್ಟದ್ದನ್ನು ಸರಿಮಾಡಿ ಎಂದು ಬಂದವರನ್ನು ಅವನು ಕಂಡಿದ್ದ, ಕೆಟ್ಟೇ ಇರಲಿ ಎಂದವರನ್ನು ಕಂಡಿರಲಿಲ್ಲ. ಅಣ್ಣ ನಾಚಿಕೊಂಡೇ ಎಲ್ಲವನ್ನೂ ಹೇಳಿದ. ಕೇಳಿಸಿಕೊಂಡ ರಿಪೇರಿಯವನು, 'ಶವರ್ ಬದಲಾಯಿಸಿದ್ದು ನಾನೇ. ಸ್ವಿಚ್ಚನ್ನ ಕಿತ್ತಿಲ್ಲವಲ್ಲ. ಬಾಗಿಲ ಪಕ್ಕ ಅಲ್ಲೇ ಇದೆ. ಹೋಗಿ ನಿಂತ್ಕೊಳ್ಳಿ, ಬೇಡ ಅಂದೋರು ಯಾರು?' ಎಂದ.

ಮರುದಿನ ಬೆಳಿಗ್ಗೆ ತಮ್ಮ ಮೀಯಲು ಹೋದಾಗ ಅಣ್ಣ ಹೋಗಿ ಬಾಗಿಲ ಹೊರಗೆ ನಿಂತ. ಒಳಗೆ ನೀರು ಬೀಳುತ್ತಿತ್ತು. ಏನು ಹೇಳಬೇಕೆಂದು ತಿಳಿಯಲಿಲ್ಲ. ತನ್ನದೇ ಮನೆಯ ಬಚ್ಚಲ ಮುಂದೆ ನಿಲ್ಲಲು ಅವನಿಗೆ ಸಂಕೋಚವಾಯಿತು, ಹೋಗಿಬಿಡೋಣ ಎನಿಸಿತು. ಕಡೆಗೆ, 'ನಾನು ಕಣೋ, ಇಲ್ಲಿದ್ದೀನಿ,' ಎಂದ.

ಒಳಗೆ ನೀರಿನ ಸದ್ದು ನಿಂತಿತು. ಮತ್ತೆ ಶುರುವಾಯಿತು.

'ಸುಡ್ತಾ ಇದೆ,' ಎಂದಿತು ಒಳಗಿನ ದನಿ. 'ಆಫ್ ಮಾಡಣ್ಣ.'

ಹೊಸ ಶವರ್ ಸುಡುವಂಥದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಆಫ್ ಮಾಡಿದ. ಮಾಡಿ, ಅಲ್ಲೇ ಗೋಡೆಗೊರಗಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಓಂಕಾರಯ್ಯನ ಮುಖ ಅರಳಿತ್ತು. ಕೇಳಿದ್ದಕ್ಕೆ ಉತ್ತರ ಸಿಕ್ಕಿತು, ಅದೂ ತನ್ನ ಕಡೆಗೇ ಸಿಕ್ಕಿತು ಎಂದುಕೊಂಡ.

"ಹಾಗಾದ್ರೆ ಹೊಸದು ತರಿಸಿದ್ರೆ ತಪ್ಪಿಲ್ಲ ಅಂತಾಯ್ತು ಬುದ್ಧಿ," ಎಂದ.

"ತರಿಸು, ಇನ್ನು ಮರುಳಪ್ಪನನ್ನು ಯಾಕೆ ಬದಲಾಯಿಸಬೇಕು, ಅದನ್ನು ಹೇಳು," ಎಂದರು ಗುರುಗಳು.