ಕೋಗಿಲೆ ಬಾಯಲ್ಲೇ ಉಳಿದ ಹೆಸರು

ಲೋಕ ಇನ್ನೂ ಹಸಿ ಮಣ್ಣಿನ ವಾಸನೆ ಹೊಡೆಯುತ್ತಿದ್ದ ಕಾಲ. ಆಗ ಕೋಗಿಲೆಗೆ ಹಾಡೇ ಇರಲಿಲ್ಲ. ನಂಬದಿದ್ದರೆ ಬಿಡಿ, ಕತೆ ನಿಮಗಾಗಿ ಕಾಯುವುದಿಲ್ಲ.

ಬರ್ಮಾ ದೇಶದ ಐರಾವತಿ ನದಿಯ ದಡದಲ್ಲಿ ಮೀ ಸಾನ್ ಎಂಬ ನೇಯುವ ಹೆಣ್ಣುಮಗಳಿದ್ದಳು. ಅವಳ ಗಂಡ ರಾಜನ ದಂಡಿನ ಜೊತೆ ಗಡಿ ಕಾಯಲು ಬೆಟ್ಟಕ್ಕೆ ಹೋಗಿದ್ದ. ಮಳೆ ಬಂತು, ಚಳಿ ಬಂತು, ಬಿಸಿಲೂ ಬಂತು. ಅವನು ಮಾತ್ರ ಬರಲಿಲ್ಲ.

ಮೀ ಸಾನ್ ಒಂದು ರತು ಕಟ್ಟಿದಳು. ರತು ಎಂದರೆ ಆ ಕಡೆಯವರು ಋತುಗಳ ಮೇಲೆ ಕಟ್ಟುವ ಹಾಡು. ಅದರಲ್ಲಿ ಪ್ರಾಸ ಸುಮ್ಮನೆ ಸಾಲಿನ ಕೊನೆಯಲ್ಲಿ ಕೂರುವುದಿಲ್ಲ. ಸಾಲಿನಿಂದ ಸಾಲಿಗೆ ಒಂದೊಂದಕ್ಷರ ಸರಿಯುತ್ತಾ ಮೆಟ್ಟಿಲು ಹತ್ತುತ್ತದೆ. ಅವಳ ಹಾಡು ಮಳೆ, ಚಳಿ, ಬಿಸಿಲನ್ನೆಲ್ಲ ಹತ್ತಿ, ತುತ್ತತುದಿಯಲ್ಲಿ ಗಂಡನ ಹೆಸರು ಮುಟ್ಟುತ್ತಿತ್ತು. ಅವಳೊಬ್ಬಳೇ ಕರೆಯುತ್ತಿದ್ದ ಹೆಸರು ಅದು. ಕಿವಿಗೆ ಬಿದ್ದರೆ ಬಂದೇ ಬರುತ್ತಾನೆಂದು ಅವಳ ನಂಬಿಕೆ.

ಹಾಡನ್ನು ಬೆಟ್ಟಕ್ಕೆ ಒಯ್ಯುವವರು ಯಾರು? ನದಿಯನ್ನು ಕೇಳಿದಳು.

"ನಾನು ಕೆಳಕ್ಕೆ ಹರಿಯೋಳು ತಾಯಿ, ಬೆಟ್ಟ ಹತ್ತೋಕೆ ಬರಲ್ಲ" ಎಂದಿತು ನದಿ.

ಗಾಳಿಯನ್ನು ಕೇಳಿದಳು.

"ನನ್ನ ಕೈಯಲ್ಲಿ ಮಾತು ನಿಲ್ಲಲ್ಲ, ದಾರಿಯಲ್ಲೇ ಚೆಲ್ಲಿಬಿಡ್ತೀನಿ" ಎಂದಿತು ಗಾಳಿ. ಪಾಪ, ಸುಳ್ಳು ಹೇಳಲಿಲ್ಲ.

ಕೋಗಿಲೆ ಒಪ್ಪಿತು. ಮೀ ಸಾನ್ ಮೆಟ್ಟಿಲು ಮೆಟ್ಟಿಲಾಗಿ ಹಾಡು ಕಲಿಸಿದಳು.

"ಕೋಗಿಲಣ್ಣಾ, ಕೊನೇ ಮಾತು ಮೊದಲು ಅವರ ಕಿವಿಗೇ ಬೀಳಬೇಕು. ಅಲ್ಲೀವರೆಗೂ ಬಾಯೊಳಗೇ ಇಟ್ಕೋ. ಆಮೇಲೆ ಊರಿಗೆಲ್ಲ ಹಾಡು."

ಕೋಗಿಲೆ ಹಾರಿತು. ಮತ್ತೆ ಮಳೆ ಬಂತು, ಚಳಿ ಬಂತು. ಮರ ಚಿಗುರುವ ಹೊತ್ತಿಗೆ ಅದು ಹಿಂತಿರುಗಿತು. ಹುಡುಕಿ ಹುಡುಕಿ ಅದರ ಕಣ್ಣು ಕೆಂಪಾಗಿತ್ತು.

"ಹೇಳಿದ್ಯಾ ಅಣ್ಣಾ?"

ಕೋಗಿಲೆ ಮಗ್ಗದ ಅಂಚಿನ ಮೇಲೆ ಕೂತು ರೆಕ್ಕೆ ಮಡಚಿತು.

"ಹೇಳಿದ್ರೆ ಪೂರ್ತಿ ಹಾಡು, ಕೇಳೋಣ."

ಕೋಗಿಲೆ ಹಾಡಿತು. ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಮೇಲೆ, ಇನ್ನೂ ಮೇಲೆ. ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿತು. ಮಗ್ಗದ ಮೇಲೆ ಮೀ ಸಾನಳ ಕೈಯೂ ನಿಂತಿತು. ಅವಳಿಗೆ ತಿಳಿಯಿತು.

"ಬೆಟ್ಟದಲ್ಲಿ ಬರೀ ಮಣ್ಣಿನ ಗುಡ್ಡೆಗಳಿವೆ ತಂಗೀ. ಕೇಳೋ ಕಿವಿ ಒಂದೂ ಇರಲಿಲ್ಲ" ಎಂದಿತು ಕೋಗಿಲೆ. "ನೀ ಕೊಟ್ಟ ಹೆಸರು ನಿನಗೇ ಕೊಟ್ಟುಬಿಡ್ಲಾ?"

ಅವಳು ತುಂಬಾ ಹೊತ್ತು ಅತ್ತಳು. ಆಮೇಲೆ ಹೇಳಿದಳು: "ಬೇಡ ಅಣ್ಣಾ. ಇಲ್ಲಿಟ್ಕೊಂಡು ನಾನು ಯಾರನ್ನ ಕರೀಲಿ? ನಿನ್ನ ಹತ್ರನೇ ಇರಲಿ. ಎಲ್ಲಾದ್ರೂ ಸಿಕ್ಕಿದ್ರೆ ಹೇಳು."

ಅದಕ್ಕೇ ಮಕ್ಕಳೇ, ಇವತ್ತಿಗೂ ಮರ ಚಿಗುರಿದಾಗ ಕೋಗಿಲೆ ಕೂಗನ್ನು ಏರಿಸುತ್ತಾ ಏರಿಸುತ್ತಾ ಹೋಗಿ, ಇನ್ನೇನು ಹೇಳಿಯೇಬಿಡುತ್ತದೆ ಎನ್ನುವಾಗ ತಟ್ಟನೆ ನಿಲ್ಲಿಸಿ, ಯಾರಾದರೂ ಓಗೊಡುತ್ತಾರೇನೋ ಎಂದು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ.